ಉಳವಪ್ಪನ ಮನೆಯ ಅಂಟು ವೈರಸ್ಸು

ಇದು ಅಕ್ಷರಕ್ಕಕ್ಷರ ನಡೆದದ್ದು. ನಂಬದವರು ಬಂಕಾಪುರದ ಕೋಟೆಯ ನವಿಲುಗಳನ್ನು ಕೇಳಿ, ಅವು ಎಲ್ಲವನ್ನೂ ಕಿವಿಯಾರೆ ಕೇಳಿವೆ. ನವಿಲಿನ ಸಾಕ್ಷಿ ನಡೆಯುವುದಿಲ್ಲ ಎನ್ನುವವರಿಗೆ ಇನ್ನೊಂದು ಆಣೆ ಇಡುತ್ತೇನೆ. ಸವಣೂರಿನ ಎಲೆ, ಅಡಿಕೆ, ಸುಣ್ಣ ಮೂರನ್ನೂ ಸೇರಿಸಿ ಅಗಿದ ಮೇಲೂ ನನ್ನ ನಾಲಿಗೆ ಕೆಂಪಾಗದಿದ್ದರೆ ಈ ಕಥೆ ಪೂರ್ತಿ ಸುಳ್ಳು ಎಂದು ಊರ ಮುಂದೆ ಸಾರಿಬಿಡಿ. ದೇವರ ಮೇಲೆ ಆಣೆ ಮಾಡಿ ಸುಳ್ಳು ಹೇಳಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಎಲೆಯ ಮೇಲೆ ಆಣೆ ಮಾಡಿ ಸುಳ್ಳು ಹೇಳುವ ಗಂಡಸು ನಮ್ಮ ನಾಲ್ಕು ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಬಂಕಾಪುರದ ಉಳವಪ್ಪ ಮೋಟಾರ್ ವೈಂಡಿಂಗ್ ಮಾಡುವವನು. ಹೊಲದ ಬೋರಿನ ಮೋಟಾರು ಸುಟ್ಟರೆ ಸುತ್ತಲಿನ ರೈತರು ಅವನ ಅಂಗಡಿ ಮುಂದೆ ತಂದು ಇಳಿಸುತ್ತಿದ್ದರು. ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿ ಸುತ್ತಿ ಅವನ ತಲೆಯಲ್ಲಿಯೂ ಒಂದು ತತ್ವ ಗಟ್ಟಿಯಾಗಿ ಸುತ್ತಿಕೊಂಡಿತ್ತು. ಒಳಗೆ ತಂತಿ ಇರುವ ಯಂತ್ರಗಳೆಲ್ಲ ಒಂದೇ ತಾಯಿಯ ಮಕ್ಕಳು. ಹಿಟ್ಟಿನ ಗಿರಣಿ ಹಿರಿಯ ಮಗ, ಮಿಕ್ಸರ್ ಕಿರಿಯದು, ಕಂಪ್ಯೂಟರ್ ಅಂದರೆ ಕಾಲೇಜು ಕಲಿತು ಸ್ವಲ್ಪ ಸೊಕ್ಕು ಬಂದಿರುವ ನಡುವಿನದು. ಸೊಕ್ಕು ಇಳಿಸುವುದು ಹೇಗೆಂದು ಉಳವಪ್ಪನಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ.

ಮನೆಯ ಕಂಪ್ಯೂಟರ್ ಶಿಗ್ಗಾಂವಿಯಲ್ಲಿ ಮುಚ್ಚಿಹೋದ ಒಂದು ಟ್ಯೂಷನ್ ಕ್ಲಾಸಿನಿಂದ ಬಂದದ್ದು. ಅದನ್ನು ಬಳಸುತ್ತಿದ್ದವಳು ಮಗಳು ಅಂಕಿತಾ. ಆಗ ಅದರ ಹೊಟ್ಟೆಯಲ್ಲಿ ಇದ್ದದ್ದು ಒಂದೇ ಒಂದು ಮುಖ್ಯ ವಸ್ತು, ಅಂಕಿತಾಳದೇ ಲಗ್ನಪತ್ರಿಕೆ.

ಲಗ್ನಪತ್ರಿಕೆ ಅಂದರೆ ಬರೀ ಕಾಗದ ಎಂದು ತಿಳಿಯಬೇಡಿ. ಗಂಡಿನ ಮನೆ ಹಿರೇಕೆರೂರು ತಾಲೂಕಿನ ಹಂಸಭಾವಿ. ಎರಡೂ ಕಡೆಯವರು ಪ್ರೀತಿ ಹೆಚ್ಚಾಗಿ ಒಂದೇ ಪತ್ರಿಕೆ ಮಾಡಿಸೋಣ ಎಂದರು. ಪ್ರೀತಿ ಅಲ್ಲಿಗೇ ಮುಗಿಯಿತು. ಪತ್ರಿಕೆಯ ಕೆಳಗೆ ‘ಸುಖಾಗಮನ ಬಯಸುವವರು’ ಎಂದು ನೂರಾ ಹನ್ನೆರಡು ಹೆಸರು. ಮೊದಲ ಹೆಸರು ಯಾರದು? ಹಾನಗಲ್ಲಿನ ಈರಬಸಪ್ಪನದೇ ಆಗಬೇಕು. ಆತ ಉಳವಪ್ಪನ ಅಕ್ಕನ ಗಂಡ, ಮನೆಗೆ ಹಿರಿಯ. ಅಲ್ಲ, ಹಂಸಭಾವಿಯ ರಾಚಪ್ಪನದೇ ಆಗಬೇಕು. ಆತ ವರನ ಸೋದರಮಾವ, ಆತನಿಲ್ಲದೆ ಆ ಮನೆಯಲ್ಲಿ ಬಾಗಿಲು ಕೂಡ ತೆರೆಯುವುದಿಲ್ಲ. ಮೂರು ವಾರ ಫೋನಿನಲ್ಲಿ ಪಂಚಾಯ್ತಿ ನಡೆಯಿತು. ಕೊನೆಗೆ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಹಾಕುವುದು ಎಂದಾಯಿತು. ಆಗ ಎಡಗಡೆ ಯಾರು ಎಂಬ ಪ್ರಶ್ನೆ ಬಂತು. ಎಡಗಡೆ ಓದುವವರ ಕಣ್ಣಿಗೆ ಮೊದಲು ಬೀಳುತ್ತದೆ. ರಾಚಪ್ಪ ಎಡಗಡೆ ಗೆದ್ದುಕೊಂಡ. ಈರಬಸಪ್ಪ ಮುನಿಸಿಕೊಂಡು ಎರಡು ದಿನ ಊಟ ಬಿಟ್ಟ. ಅಂಕಿತಾ ಗಂಡಿನ ಕಡೆಯವರಿಗೆ ಹೇಳದೆ ಬಲಗಡೆಯ ಹೆಸರಿನ ಅಕ್ಷರವನ್ನು ಅರ್ಧ ಪಾಯಿಂಟು ದೊಡ್ಡದು ಮಾಡಿದಳು. ಈರಬಸಪ್ಪನಿಗೆ ಗುಟ್ಟಿನಲ್ಲಿ ತಿಳಿಸಿದ ಮೇಲೆ ಆತ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಹೀಗೆ ರಾಜಿಯಾದ ಪಟ್ಟಿ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಸೋಮವಾರ ಶಿಗ್ಗಾಂವಿಯ ಪ್ರೆಸ್ಸಿಗೆ ಹೋಗಬೇಕು. ಅದು ಕಳೆದುಹೋದರೆ ಪಂಚಾಯ್ತಿ ಮೊದಲಿನಿಂದ ಶುರು, ಆ ಪಂಚಾಯ್ತಿ ಮುಗಿಯುವಷ್ಟರಲ್ಲಿ ಮುಹೂರ್ತ ಮುಗಿದಿರುತ್ತದೆ.

ಅಂಕಿತಾ ಶುಕ್ರವಾರ ಸೋದರತ್ತೆಯನ್ನು ಕಾಣಲು ಹಾನಗಲ್ಲಿಗೆ ಹೊರಟಳು. ಹೊರಡುವಾಗ ಒಂದೇ ಮಾತು ಹೇಳಿದಳು.

“ಅಪ್ಪಾ, ಕಂಪ್ಯೂಟರ್ ಮುಟ್ಟಬ್ಯಾಡ.”

ಮೋಟಾರಿನವನಿಗೆ ಮುಟ್ಟಬೇಡ ಎನ್ನುವುದು, ಕೋಣನಿಗೆ ಕೆಸರು ತೋರಿಸಿ ಮೈಲಿಗೆಯಾದೀತು ಎಂದಂತೆ. ಬಸ್ಸು ಊರ ಹೊರಗಿನ ತಿರುವು ದಾಟುವ ಮೊದಲೇ ಉಳವಪ್ಪ ಕುರ್ಚಿಯಲ್ಲಿದ್ದ. ಅವನ ಮನಸ್ಸಿನಲ್ಲಿ ಒಂದು ಆಸೆ. ಪತ್ರಿಕೆಯ ಮೂಲೆಯಲ್ಲಿ ಒಂದು ನವಿಲು ಇರಲಿ, ಮಗಳು ಬಂದು ನೋಡಿ ಮೂಗಿನ ಮೇಲೆ ಬೆರಳಿಡಲಿ. ಕಿಟಕಿಯ ಹೊರಗೆ ಕೋಟೆಯ ಗೋಡೆ, ಗೋಡೆಯ ಮೇಲೆ ಜೀವಂತ ನವಿಲು. ಉಳವಪ್ಪ ಅದಕ್ಕೆ ಬೆನ್ನು ಮಾಡಿ ಕುಳಿತು ನೆಟ್ಟಿನಲ್ಲಿ ನವಿಲು ಹುಡುಕಿದ.

‘ಪುಕ್ಕಟೆ ನವಿಲು, ಇಲ್ಲಿ ಒತ್ತಿ’ ಎಂಬ ಅರ್ಥದ ಹಸಿರು ಗುಂಡಿ ಸಿಕ್ಕಿತು. ಒತ್ತಿದ. ನವಿಲು ಬರಲಿಲ್ಲ. ಮತ್ತೆ ಒತ್ತಿದ. ಮೋಟಾರು ಒಂದು ಸಲಕ್ಕೆ ಹಿಡಿಯದಿದ್ದರೆ ಸ್ಟಾರ್ಟರನ್ನು ಇನ್ನೊಮ್ಮೆ ಒತ್ತುವುದು ಕಸಬಿನ ರೂಢಿ. ಹೌದೇ ಎಂದು ಕೇಳಿದ ಕಡೆಯೆಲ್ಲ ಹೌದು ಎಂದು ಒತ್ತಿದ. ಏಳನೆಯ ಹೌದಿಗೆ ಪರದೆ ಇಡೀ ರಕ್ತದ ಹಾಗೆ ಕೆಂಪಾಯಿತು, ಸ್ಪೀಕರಿನಿಂದ ಒಂದು ಕೂಗು ಹೊರಟಿತು. ಆ ಕೂಗು ಕಿಟಕಿ ದಾಟಿ ಕೋಟೆಗೆ ಹೋಯಿತು. ಕೋಟೆಯಲ್ಲಿದ್ದ ನವಿಲುಗಳು, ತಮ್ಮ ಜಾತಿಯವರಿಗೆ ಯಾರೋ ತ್ರಾಸು ಕೊಡುತ್ತಿದ್ದಾರೆಂದು ತಿಳಿದು, ಒಟ್ಟಿಗೆ ಉತ್ತರ ಕೊಟ್ಟವು. ನವಿಲು ಬೇಕೆಂದಿದ್ದ ಉಳವಪ್ಪನಿಗೆ ಆ ದಿನ ಇನ್ನೂರು ನವಿಲು ಒಮ್ಮೆಗೇ ಸಿಕ್ಕಂತಾಯಿತು.

ಪರದೆಯ ಮೇಲೆ ಇಂಗ್ಲಿಷ್. ಉಳವಪ್ಪ ಏಳನೇ ಇಯತ್ತೆಯವರೆಗೆ ಕಲಿತವನು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ. ‘ಮಹಾರಕ್ಷಕ್ ಆಂಟಿವೈರಸ್. ೩೧೨ ವೈರಸ್.’ ಕೆಳಗೆ ‘ಈಗಲೇ ಹಣ ಕಟ್ಟಿ’ ಎಂಬ ಗುಂಡಿ, ಅದರ ಕೆಳಗೆ ಒಂದು ಫೋನ್ ನಂಬರು. ಲಗ್ನಪತ್ರಿಕೆ ತೆರೆಯಲು ಹೋದರೆ ಕೆಂಪು ಚೌಕಟ್ಟು ಅಡ್ಡ ಬಂದು ಇದಕ್ಕೂ ಸೋಂಕು ತಗುಲಿದೆ, ತೆರೆಯಕೂಡದು ಎಂದಿತು.

ಅಡುಗೆಮನೆಯಿಂದ ಹೆಂಡತಿ ಸರೋಜವ್ವ ಓಡಿ ಬಂದಳು.

“ಏನ್ರಿ ಅದು, ಯಾರರೆ ಸತ್ರೇನ?”

“ಅಂಟು ವೈರಸ್ ಬಂದೈತಿ,” ಎಂದ ಉಳವಪ್ಪ ಗಂಭೀರವಾಗಿ. “ಇಲ್ಲೆ ಬರದೈತಿ ನೋಡು. ಅಂಟು. ವೈರಸ್. ಮುನ್ನೂರಾ ಹನ್ನೆರಡು ಅದಾವಂತ.”

“ನಮ್ಮ ಬೀಗರ ನೂರಾ ಹನ್ನೆರಡು ಮಂದಿ. ಇವು ಅವರಗಿಂತ ಇನ್ನೂರು ಜಾಸ್ತಿ ಆದವಲ್ರಿ. ಎಲ್ಲಿಂದ ಬಂದುವು?”

“ನವಿಲಿನ ಕೂಡ ಬಂದಾವ.”

ಈ ಮಾತನ್ನು ಗೋಡೆಯಾಚೆಯ ಚೌಡವ್ವ ಕೇಳಿದಳು. ಚೌಡವ್ವ ಕೆಟ್ಟ ಹೆಂಗಸಲ್ಲ. ಆದರೆ ಕಿವಿಗೆ ಬಿದ್ದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಆಕೆಗೆ ವಾಯು ಆಗುತ್ತದೆ. ಹತ್ತು ನಿಮಿಷದಲ್ಲಿ ನೀರಿನ ನಲ್ಲಿಯ ಹತ್ತಿರ ಉಳವಪ್ಪನ ಮನೆಗೆ ಅಂಟು ವೈರಸ್ ಬಂದಿತ್ತು. ಸಂತೆಯಲ್ಲಿ ಅದು ನವಿಲಿನಿಂದ ಮನುಷ್ಯರಿಗೆ ಅಂಟುವ ರೋಗವಾಯಿತು. ಸಂಜೆ ಹಾಲಿನ ಮರಿಯಮಬಿ ತಂಬಿಗೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಬೇಲಿಯ ಮೇಲಿಂದ ಇಳಿಸಿ, ದೂರದಿಂದಲೇ “ಸರೋಜವ್ವಾ, ಜೀವಾ ಜ್ವಾಕಿ” ಎಂದು ಕೂಗಿ ಹೋದಳು.

ಶನಿವಾರ ಬೆಳಿಗ್ಗೆ ಆಶಾ ಕಾರ್ಯಕರ್ತೆ ರಾಜಶ್ರೀ ಬಾಗಿಲಿಗೆ ಬಂದಳು. ಮೂಗು ಬಾಯಿಗೆ ಎರಡು ಮಾಸ್ಕು, ಕೈಯಲ್ಲಿ ರಜಿಸ್ಟರು. ಹೊಸ್ತಿಲಿಂದ ಐದು ಮೊಳ ದೂರ ನಿಂತು ಕೇಳಿದಳು.

“ಯಾರಿಗೆ ಆಗೇತ್ರಿ ಕಾಕಾ?”

“ಒಳಗ ಕೋಣ್ಯಾಗ ಐತ್ರಿ.”

“ವಯಸ್ಸು?”

“ಒಂಬತ್ತೋ ಹತ್ತೋ ಇರಬೇಕು. ನಾವು ಶಿಗ್ಗಾಂವಿಯಿಂದ ತಂದು ನಾಕ ವರ್ಸಾತು.”

ರಾಜಶ್ರೀಯ ಪೆನ್ನು ನಿಂತಿತು. “ತಂದದ್ದಾ? ಕಾಗದಪತ್ರ ಅದಾವಿಲ್ರಿ?”

“ಸೆಕೆಂಡ್ ಹ್ಯಾಂಡಿಗೆ ಎಲ್ಲಿ ಕಾಗದ ಕೊಡ್ತಾರ.”

“ಜ್ವರಾ ಐತೇನ್ರಿ?”

“ಮೈ ಬಿಸಿ ಐತಿ. ಹಿಂದಿನ ಫ್ಯಾನ್ ಬಂದ್ ಬಿದ್ದೈತಿ, ಗಾಳಿ ಹೊಡದರ ಸುಮ್ಮನಾಕ್ಕೈತಿ.”

“ಮಾತಾಡ್ತೈತಿ?”

“ನಿನ್ನಿಯಿಂದ ಬರೇ ಚೀರತೈತಿ. ರಾತ್ರಿ ಮಕ್ಕೊಳ್ಳಾಕ ಕೊಡಲಿಲ್ಲ ನೋಡ್ರಿ, ಕಡೀಕ ಕರೆಂಟ ತಗದು ಮಲಗಿಸಿದೆ.”

ರಾಜಶ್ರೀ ರಜಿಸ್ಟರು ಎದೆಗೆ ಅವುಚಿಕೊಂಡು ಒಳಗೆ ನುಗ್ಗಿದಳು. ಕಂಪ್ಯೂಟರನ್ನು ಕಂಡು ಮೊದಲು ಒಂದು ಮಾಸ್ಕು ತೆಗೆದಳು, ಆಮೇಲೆ ಇನ್ನೊಂದನ್ನು. ಗೋಡೆಗೆ ಒರಗಿ ಐದು ನಿಮಿಷ ನಕ್ಕಳು.

“ಕಾಕಾ, ಇದು ಅಂಟು ಅಲ್ಲ, ಆಂಟಿ. ಆಂಟಿ ಅಂದ್ರ ವಿರುದ್ಧ. ಇದು ರೋಗ ಅಲ್ಲ, ಔಷಧಾ. ರೊಕ್ಕಾ ಕಟ್ಟಿಬಿಡ್ರಿ, ಆರಾಮಾಕ್ಕೈತಿ.”

“ತಂಗೀ, ಔಷಧಾ ಹಿಂಗ ಚೀರತೈತೇನು? ನಿಮ್ಮ ಗುಳಿಗಿ ಡಬ್ಬಿ ಯಾವಾಗರೆ ಹೊಯ್ಕೊಂಡೈತಿ?”

“ಇಂಗ್ಲೀಷಿನ್ಯಾಗ ಆಂಟಿ ಅಂತಾರ ಕಾಕಾ.”

“ಇಂಗ್ಲೀಷಿನ್ಯಾಗ ಏನರೆ ಅನ್ಲಿ. ನಮ್ಮ ಮನ್ಯಾಗ ಅಂಟಿಕೊಂಡೈತಿ, ಬಿಡವಲ್ದು. ಅಂಟು ಅಂದ್ರ ಅಂಟು.”

ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಓದು ಬಲ್ಲವರೆಲ್ಲ ಬಂದು ಕಿಟಕಿಯಿಂದ ಇಣುಕಿ, ಆಂಟಿ ಎಂದು ಹೇಳಿ, ಹಣ ಕಟ್ಟು ಎಂದು ಬುದ್ಧಿ ಹೇಳಿ ಹೋದರು. ನಿವೃತ್ತ ಮಾಸ್ತರರೊಬ್ಬರು ಕಿಟಕಿಯ ಸರಳು ಹಿಡಿದು ಆಂಟಿ ಎಂಬ ಪದದ ಹುಟ್ಟನ್ನು ವಿವರಿಸಿದರು. ಉಳವಪ್ಪ ಎಲ್ಲರಿಗೂ ಚಹಾ ಕೊಟ್ಟ, ಯಾರ ಮಾತನ್ನೂ ಕೇಳಲಿಲ್ಲ. ಅಷ್ಟರಲ್ಲಿ ರೋಗದ ಸುದ್ದಿ ಬಸ್ಸು ಹತ್ತಿ ಹಂಸಭಾವಿ ಮುಟ್ಟಿತ್ತು. ರಾಚಪ್ಪನ ಫೋನು ಬಂತು.

“ಬೀಗರ, ನಿಮ್ಮ ಮನ್ಯಾಗ ಅಂಟುರೋಗ ಐತಂತಲ್ಲ.”

“ಐತ್ರಿ. ಆದ್ರ ಮನಷ್ಯಾರಿಗಲ್ಲ, ಕಂಪ್ಯೂಟರಿಗೆ.”

“ಕಂಪ್ಯೂಟರಿಗೆ ರೋಗ ಬರ್ತೈತಿ ಅಂತ ನನ್ನ ಮುಂದ ಹೇಳಬ್ಯಾಡ್ರಿ. ನಾನೂ ನಾಕ ಊರು ತಿರುಗೇನಿ. ನಾಳೆ ಮುಂಜಾನಿ ಬರ್ತೇನಿ, ಕಣ್ಣಿಲೆ ನೋಡ್ತೇನಿ. ಸಂಶೆ ಬಂತಂದ್ರ ಮದುವಿ ಕಾರ್ತೀಕದ ಆಚಿಕ್ಕ. ಆಮ್ಯಾಲ ಪತ್ರಿಕಿನೂ ಹೊಸದಾಗಿ ಮಾಡ್ಸೂಣು, ಒಂದೊಂದ ಕಡಿಯವರಿಗೆ ಬ್ಯಾರೆ ಬ್ಯಾರೆ.”

ಸರೋಜವ್ವ ಗೋಡೆಗೆ ಆತು ಕುಳಿತುಬಿಟ್ಟಳು. “ನೀವು ನವಿಲು ಹುಡುಕಾಕ ಹೋಗಿ ಕೂಸಿನ ಮದುವಿ ಹಾರಿಸಿದ್ರಿ. ಅವನೌನ, ಆ ರೊಕ್ಕಾ ಕಟ್ಟಿ ಸುಮ್ಮನಾಗ್ರಿ.”

ಉಳವಪ್ಪನ ಕೈ ಒಂದು ಕ್ಷಣ ಆ ಗುಂಡಿಯ ಹತ್ತಿರ ಹೋದದ್ದು ನಿಜ. ಆದರೆ ಮೊದಲು ಆ ಫೋನ್ ನಂಬರಿಗೆ ಹಚ್ಚಿ ನೋಡೋಣ ಎನಿಸಿತು. ಯಾವ ಮೋಟಾರನ್ನೇ ಆಗಲಿ, ಕಂಪನಿಯವನ ಜೊತೆ ಮಾತಾಡದೆ ಅವನು ಬಿಚ್ಚಿದವನಲ್ಲ. ಆಚೆಯಿಂದ ಹಿಂದಿಯಲ್ಲಿ ಒಬ್ಬ ಮಾತಾಡಿದ. ಹೆಸರು ಮೈಕಲ್ ಎಂದ. ಅವನ ಹಿಂದಿ, ಉಳವಪ್ಪನ ಬಂಕಾಪುರದ ಹಿಂದಿ, ಎರಡನ್ನೂ ನಾನು ಕನ್ನಡಕ್ಕೆ ತಿರುಗಿಸಿಯೇ ಹೇಳುತ್ತೇನೆ. ಮೂಲದಲ್ಲಿ ಕೇಳಿದರೆ ಇಬ್ಬರ ಭಾಷೆಗೂ ಅವಮಾನ.

“ಸರ್, ನಿಮ್ಮ ಕಂಪ್ಯೂಟರಿಗೆ ಬಹಳ ಅಪಾಯ ಇದೆ. ನಾನು ಒಳಗೆ ಬರಲು ಅನುಮತಿ ಕೊಡಿ.”

“ಬಾ. ಬರುವಾಗ ಚಪ್ಪಲಿ ಹೊರಗ ಬಿಟ್ಟ ಬಾ.”

“ಹಾಗಲ್ಲ ಸರ್, ಇಂಟರ್ನೆಟ್ಟಿನಿಂದ ಬರುತ್ತೇನೆ. ನಾನು ನಿಮ್ಮ ಪರದೆಯನ್ನು ಈಗಲೇ ನೋಡುತ್ತಿದ್ದೇನೆ. ಮುನ್ನೂರು ದಾಟಿವೆ ವೈರಸ್ಸು.”

“ಇಲ್ಲೇ ಕುಂತು ನಾ ನೋಡಾಕತ್ತೇನಿ, ಅಲ್ಲೆ ಕುಂತು ನೀನೂ ನೋಡಾಕತ್ತಿಯೇನು?”

“ಸ್ಪಷ್ಟವಾಗಿ ಕಾಣುತ್ತಿದೆ ಸರ್.”

ಉಳವಪ್ಪ ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡ. ಬಗ್ಗಿದ. ಗೋಡೆಯಲ್ಲಿದ್ದ ಪ್ಲಗ್ಗನ್ನು ಹಿಡಿದು ಎಳೆದ. ಪರದೆ ಕಪ್ಪಾಯಿತು. ಮನೆಯಲ್ಲಿ ಬೆಳಗಿನಿಂದ ಮೊದಲ ಸಲ ಗೋಡೆಯ ಗಡಿಯಾರದ ಸದ್ದು ಕೇಳಿಸಿತು.

“ಮೈಕಲ್ ಸಾಹೇಬ್ರ, ಈಗ ಎಷ್ಟ ಅದಾವ?”

“ಈಗ ಇನ್ನೂ ಹೆಚ್ಚಾಗಿವೆ ಸರ್. ನಾಲ್ಕು ನೂರಾ ಇಪ್ಪತ್ತು. ಬೇಗ ಮಾಡಿ.”

“ಬೆಳಕ ಛಲೋ ಬರಾಕತ್ತೈತೇನು ಅಲ್ಲೆ?”

“ಕೆಂಪು ಬಣ್ಣ ಎದ್ದು ಕಾಣುತ್ತಿದೆ ಸರ್.”

“ತಮ್ಮಾ, ನಾನು ಕರೆಂಟ ತಗದ ಬರೋಬ್ಬರಿ ಒಂದ ನಿಮಿಷ ಆತು. ಇಲ್ಲೆ ಕರೀ ಪರದ್ಯಾಗ ನನ್ನ ಮಾರಿ ಬಿಟ್ರ ಏನೂ ಕಾಣವಲ್ದು.”

ಉಳವಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

“ಕೇಳ ಇಲ್ಲೆ. ನಾ ಮೂವತ್ತ ವರ್ಸ ಮೋಟಾರ ಬಿಚ್ಚೇನಿ. ನಮ್ಮ ಕಸಬಿನ್ಯಾಗ ಒಂದ ಮಾತೈತಿ. ಬಿಚ್ಚದ ಮೋಟಾರ ಸುಟ್ಟೈತಿ ಅನ್ನಾವ ಮೆಕ್ಯಾನಿಕ್ ಅಲ್ಲ, ಕಳ್ಳ. ನೀ ಬಿಚ್ಚೂದಿರಲಿ, ಮೋಟಾರ ಇಲ್ಲದ ಬಾಂವಿ ನೋಡಿ ಸುಟ್ಟೈತಿ ಅನ್ನಾಂವ. ನಿನಗ ಒಂದ ಪೈ ಕೊಡೂದಿಲ್ಲ. ಏನ ಮಾಡ್ಕೋತಿ ಮಾಡ್ಕೊ.”

ಫೋನು ಕಟ್ಟಾಯಿತು. ಉಳವಪ್ಪ ಮೀಸೆ ತೀಡಿದ. ಸರೋಜವ್ವ ಮಾತ್ರ ತೀಡಲಿಲ್ಲ.

“ಕಳ್ಳ ಅಂತ ಗೊತ್ತಾತು. ಕಳ್ಳನ್ನ ಬೈದರ ಕದ್ದ ಎತ್ತು ಕೊಟ್ಟಿಗಿಗೆ ಬರ್ತೈತೇನ್ರಿ? ಪತ್ರಿಕಿ ಎಲ್ಲೈತಿ?”

ಆಗ ಉಳವಪ್ಪ ಎರಡು ದಿನದಿಂದ ಮುಂದೂಡಿದ್ದ ಕೆಲಸ ಮಾಡಿದ. ಹಾನಗಲ್ಲಿಗೆ ಫೋನು ಹಚ್ಚಿ ಮಗಳಿಗೆ ಎಲ್ಲ ಹೇಳಿದ. ನವಿಲನ್ನು ಮಾತ್ರ ಬಿಟ್ಟ. ಅಂಕಿತಾ ಕೇಳಿದಳು.

“ಅಪ್ಪಾ, ನೀ ಏನೂ ಮುಟ್ಟಲಿಲ್ಲ, ತಾನ ಬಂತು?”

“ತಾನ ಬಂತು.”

“ಅದರ ಪುಕ್ಕಾ ಯಾ ಬಣ್ಣದ್ದಿತ್ತು?”

“ಹಸರು,” ಎಂದ ಉಳವಪ್ಪ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ತಡವಾಗಿತ್ತು. ಬಂಕಾಪುರದ ನವಿಲಿನ ರೋಗ ಹಾನಗಲ್ಲಿನ ಬಸ್ ಸ್ಟ್ಯಾಂಡಿಗೂ ಆಗಲೇ ಮುಟ್ಟಿತ್ತು.

“ರೊಕ್ಕಾ ಕಟ್ಟಬ್ಯಾಡ. ಬ್ಯಾಂಕಿನ ನಂಬರ್ ಯಾರಿಗೂ ಹೇಳಬ್ಯಾಡ. ಸವಣೂರಿನ ಮಾಹೀರಾ ಅಕ್ಕಗ ಹೇಳ್ತೇನಿ, ನಾಳೆ ಬರ್ತಾಳ. ಅಲ್ಲೀತನಕಾ ಆ ಪ್ಲಗ್ ಹಚ್ಚಬ್ಯಾಡ.”

ಭಾನುವಾರ ಬೆಳಿಗ್ಗೆ ರಾಚಪ್ಪ ಮೊದಲು ಬಂದ. ಶುಭ್ರ ಧೋತರ, ತಲೆಗೆ ರುಮಾಲು, ಅದೇ ರುಮಾಲಿನ ಸೆರಗು ಮೂಗಿಗೆ. ಕೊಟ್ಟ ನೀರು ಕುಡಿಯಲಿಲ್ಲ, ಹಾಸಿದ ಚಾಪೆಯ ಮೇಲೆ ಕೂರಲಿಲ್ಲ. ಪಡಸಾಲೆಯ ನಡುವೆ ನಿಂತು ಉಳವಪ್ಪನ ಕಣ್ಣುರೆಪ್ಪೆ ಎಳೆದು ನೋಡಿದ. ಸರೋಜವ್ವನಿಗೆ ಕೆಮ್ಮು ಎಂದ. ಆಕೆ ಕೆಮ್ಮಿದಳು. ಒಗ್ಗರಣೆಯ ಹೊಗೆಗೆ ಬಂದ ಕೆಮ್ಮು ಕೂಡ ಸೇರಿ ತುಸು ಹೆಚ್ಚೇ ಬಂತು. ರಾಚಪ್ಪ ಎರಡು ಹೆಜ್ಜೆ ಹಿಂದೆ ಸರಿದ.

“ಇದು ಕಂಪ್ಯೂಟರಿನ ಕೆಮ್ಮಲ್ಲ,” ಎಂದ.

ಅದೇ ಹೊತ್ತಿಗೆ ಅಂಗಳದಲ್ಲಿ ಸ್ಕೂಟಿ ನಿಂತಿತು. ಸವಣೂರಿನಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುವ ಮಾಹೀರಾ, ಅಂಕಿತಾಳಿಗೆ ಟೈಪಿಂಗ್ ಕಲಿಸಿದವಳು. ಹೆಗಲಿಗೆ ಒಂದು ಚೀಲ, ಚೀಲದಲ್ಲಿ ಒಂದು ಪೆನ್‌ಡ್ರೈವ್. ರಾಚಪ್ಪ ಆಕೆಯನ್ನು ತಡೆದ.

“ಒಳಗ ಅಂಟು ಐತಿ, ಯವ್ವಾ. ಜ್ವಾಕಿ.”

“ಅದನ್ನ ಬಿಡಸಾಕ ಬಂದೇನಿ ಅಜ್ಜಾರ.”

ಮಾಹೀರಾ ಮೊದಲು ನೆಟ್ಟಿನ ವೈರು ಕಿತ್ತಳು, ಆಮೇಲೆ ಕರೆಂಟು ಹಚ್ಚಿದಳು. ಪರದೆ ಕೆಂಪಾಯಿತು, ಕೂಗು ಎದ್ದಿತು, ಕೋಟೆಯಿಂದ ನವಿಲುಗಳು ಉತ್ತರಿಸಿದವು. ರಾಚಪ್ಪ ಜೀವಮಾನದಲ್ಲಿ ಮೊದಲ ಸಲ ಕಂಪ್ಯೂಟರಿನ ರೋಗವನ್ನು ಕಣ್ಣಾರೆ ಕಂಡ. ಮೂಗಿನ ಸೆರಗು ತಾನಾಗಿ ಕೆಳಗಿಳಿಯಿತು. ಇದೇನು ಸಣ್ಣ ರೋಗವಲ್ಲ ಎಂಬ ಗೌರವ ಅವನ ಮುಖದಲ್ಲಿ ಮೂಡಿತು.

“ಮಾಹೀರಾ, ನನಗ ಒಂದ ಹೇಳವಾ,” ಎಂದ ಉಳವಪ್ಪ. “ಊರ ಮಂದಿಯೆಲ್ಲಾ ಇದನ್ನ ಔಷಧಾ ಅಂತಾರ. ನಾ ಅಂಟು ಅಂತೇನಿ. ಯಾರದ ಖರೇ?”

“ನಿಮ್ಮದ ಖರೇ ಕಾಕಾ. ಔಷಧದ ಚೀಟಿ ಹಚ್ಕೊಂಡ ವಿಷಾ ಇದು. ನೆಟ್ ಕಿತ್ತೇನಿ, ಆದರೂ ಇದು ಹೊಸಾ ವೈರಸ್ ಎಣಸಾಕತ್ತೈತಿ ನೋಡ್ರಿ. ನಿನ್ನೆ ಮುನ್ನೂರ ಇತ್ತಂದ್ರಿ, ಇವತ್ತ ಐದನೂರ. ಖರೇ ಕಾವಲುಗಾರ ಮೂಲ್ಯಾಗ ಸುಮ್ಮನ ಕುಂತಿರತಾನ, ಕಳ್ಳ ಬಂದ್ರ ಹಿಡೀತಾನ. ಮನಿ ಮಾಲಕನ್ನ ಹೆದರಿಸಿ ರೊಕ್ಕಾ ಕೇಳೂದಿಲ್ಲ. ಕಂಪ್ಯೂಟರಿನ ಕೂಡ ಬಂದ ಕಾವಲುಗಾರನ್ನ ಇದು ಮೊದ್ಲ ದಿನಾನ ಮಲಗಿಸೇತಿ.”

ಉಳವಪ್ಪ ಕಿಟಕಿಯ ಕಡೆ ತಿರುಗಿದ. ಅಲ್ಲಿ ಚೌಡವ್ವ, ರಾಜಶ್ರೀ, ಮಾಸ್ತರರು ಸರಳು ಹಿಡಿದು ನಿಂತಿದ್ದರು.

“ಕೇಳಿದ್ರ್ಯಾ ಮಾಸ್ತರ?” ಎಂದ. ಮಾಸ್ತರರು ಪದದ ಹುಟ್ಟನ್ನು ಮತ್ತೊಮ್ಮೆ ಪರಿಶೀಲಿಸುವವರಂತೆ ಆಕಾಶ ನೋಡಿದರು.

ಮಾಹೀರಾ ಕಂಪ್ಯೂಟರನ್ನು ಮುಚ್ಚಿ ಬೇರೆ ರೀತಿಯಲ್ಲಿ ತೆರೆದಳು. ಈ ಸಲ ಪರದೆ ಬಡವಾಗಿ, ಕಪ್ಪಾಗಿ ಕಂಡಿತು, ಕೂಗಿಲ್ಲ.

“ಇದು ಸುರಕ್ಷಿತ ದಾರಿ ಕಾಕಾ. ಈಗ ಮನಿ ಮಂದಿ ಅಷ್ಟ ಎದ್ದಾರ. ಹೊರಗಿನಾವ ಮಲಗ್ಯಾನ. ಮಲಗಿದಾಗ ಹಿಡೀಬೇಕು.”

ಆಮೇಲೆ ಒಂದು ಉದ್ದನೆಯ ಪಟ್ಟಿ ತೆರೆದಳು. ಕಂಪ್ಯೂಟರಿನೊಳಗೆ ಯಾರ್ಯಾರು ವಾಸವಾಗಿದ್ದಾರೆ, ಯಾವ ದಿನ ಬಂದರು ಎಂಬುದೆಲ್ಲ ಅದರಲ್ಲಿತ್ತು. ಹೆಸರಿನ ಪಟ್ಟಿ ಕಂಡ ಕೂಡಲೇ ರಾಚಪ್ಪನ ಬೆನ್ನು ನೆಟ್ಟಗಾಯಿತು. ಕಿಸೆಯಿಂದ ಚಾಳೀಸು ತೆಗೆದು ಮೂಗಿಗೇರಿಸಿದ. ಹೇಳದೆಯೇ ಚಾಪೆಯ ಮೇಲೆ ಕುಳಿತ.

ರಾಚಪ್ಪನ ಒಂದು ಗುಣ ಇಲ್ಲಿ ಹೇಳಬೇಕು. ಹಂಸಭಾವಿಯ ಸುತ್ತ ಯಾರದೇ ಮದುವೆಯಾಗಲಿ, ಊಟದ ಪಂಕ್ತಿಯ ತಲೆಗೆ ನಿಲ್ಲುವವನು ಅವನು. ಕರೆಯದೆ ಬಂದು ಉಣ್ಣುವವರನ್ನು ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅಂಥವರು ಹೆಣ್ಣಿನವರು ಕೇಳಿದರೆ ಗಂಡಿನ ಕಡೆಯವ ಎನ್ನುತ್ತಾರೆ, ಗಂಡಿನವರು ಕೇಳಿದರೆ ಹೆಣ್ಣಿನ ಕಡೆಯವ ಎನ್ನುತ್ತಾರೆ. ಎರಡೂ ಕಡೆಯವರು ಒಂದೇ ಕಡೆ ನಿಂತು ಕೇಳಿದರೆ ಎಲೆ ಬಿಟ್ಟು ಏಳುತ್ತಾರೆ.

“ಓದವಾ,” ಎಂದ.

ಮಾಹೀರಾ ಮೊದಲನೆಯ ಹೆಸರು ಓದಿದಳು.

“ಬೀಗರ, ಇವ ನಿಮ್ಮ ಕಡಿಯವನೇನು?”

“ನಮ್ಮಾವ್ರಿ,” ಎಂದ ಉಳವಪ್ಪ. “ಕನ್ನಡ ಟೈಪ್ ಮಾಡಾವ. ಅಂಕಿತಾ ಕರಸಿದ್ದು.”

“ಇರಲಿ. ಮುಂದ?”

“ಇದು ಪ್ರಿಂಟರಿಂದು ಅಜ್ಜಾರ.”

“ಎಂದು ಬಂದಾನ?”

“ನಾಕ ವರ್ಸದ ಹಿಂದ.”

“ಹಳಿ ಮನಷ್ಯಾ. ಇರಲಿ. ಮುಂದ?”

ಹದಿನೈದು ಹೆಸರು ಹೀಗೆ ನಡೆದವು. ಹದಿನಾರನೆಯದು ಬಂತು. ಮಹಾರಕ್ಷಕ್.

“ಎಂದು ಬಂದಾನ ಇವ?”

“ಮೊನ್ನಿ ಶುಕ್ರವಾರ, ಮುಂಜಾನಿ ಹನ್ನೊಂದಕ್ಕ.”

ರಾಚಪ್ಪ ಚಾಳೀಸಿನ ಮೇಲಿಂದ ಉಳವಪ್ಪನನ್ನು ನೋಡಿದ. “ನಿಮ್ಮ ಕಡಿಯವನೇನ್ರಿ?”

“ಅಲ್ರಿ. ನಿಮ್ಮ ಕಡಿಯವನೇನು?”

“ನಮ್ಮ ಕಡಿಯಾವ ಮೊದಲ ಅಲ್ಲ. ನಮ್ಮ ಮಂದಿ ಕರೀದ ಬರೂದಿಲ್ಲ, ಬಂದ್ರ ಹಿಂಗ ಚೀರೂದಿಲ್ಲ. ಯಾರು ಕರದಿದ್ರು ಇವನ್ನ?”

ಸರೋಜವ್ವ ಅಡುಗೆಮನೆಯ ಬಾಗಿಲಿಂದಲೇ ಉತ್ತರಿಸಿದಳು. “ನವಿಲಿನ ಕಡಿಯಾವ್ರಿ.”

“ಹಂಗಾರ ಎಬ್ಬಿಸಿ ಹೊರಗ ಹಾಕ್ರಿ,” ಎಂದ ರಾಚಪ್ಪ. ಮೂರು ವಾರದಲ್ಲಿ ಎರಡು ಮನೆಯವರು ತಕರಾರಿಲ್ಲದೆ ಒಪ್ಪಿಕೊಂಡ ಮೊದಲ ಮಾತು ಅದು.

ಮಾಹೀರಾ ತೆಗೆದುಹಾಕುವ ಗುಂಡಿಯ ಮೇಲೆ ಬಾಣ ಇಟ್ಟು ಉಳವಪ್ಪನಿಗೆ ಜಾಗ ಬಿಟ್ಟಳು. “ನೀವ ಒತ್ರಿ ಕಾಕಾ.”

ಉಳವಪ್ಪ ಒತ್ತಿದ. ಅದು ಹೋಗಲು ಒಪ್ಪಲಿಲ್ಲ. ನಿಜವಾಗಿಯೂ ತೆಗೆಯುವುದೇ ಎಂದು ಕೇಳಿತು. ಹೌದು. ನಿಮ್ಮ ಕಂಪ್ಯೂಟರ್ ಅನಾಥವಾಗುತ್ತದೆ, ಆದರೂ ತೆಗೆಯುವುದೇ? ಹೌದು. ಅರ್ಧ ಬೆಲೆಗೆ ಇರುತ್ತೇನೆ, ಇರಲೇ?

“ನೋಡ್ರಿ, ನೋಡ್ರಿ,” ಎಂದ ರಾಚಪ್ಪ, ಚಾಪೆಯಿಂದ ಅರ್ಧ ಎದ್ದು. “ಎಬ್ಬಿಸಿದ ಮ್ಯಾಲ ಒಂದ ಹೋಳಗಿಯರೆ ಹಾಕ್ರಿ ಅನ್ನೂ ಪೈಕಿ ಇದು.”

“ಶುಕ್ರವಾರ ಏಳ ಸಲ ಹೌದು ಅಂದೇನಿ,” ಎಂದ ಉಳವಪ್ಪ ಪರದೆಗೆ. “ಇವತ್ತ ನಾ ಇಲ್ಲ ಅನ್ನೂದನ್ನ ಕೇಳು.” ಗುಂಡಿಯನ್ನು ಎಷ್ಟು ಜೋರಾಗಿ ಒತ್ತಿದನೆಂದರೆ ಮೌಸಿನ ಕೆಳಗಿನ ಚಾಪೆಯೂ ಚಪ್ಪಟೆಯಾಯಿತು ಎಂದು ಚೌಡವ್ವ ಈಗಲೂ ಹೇಳುತ್ತಾಳೆ.

ಅದು ಹೋಯಿತು. ಮಾಹೀರಾ ಅಷ್ಟಕ್ಕೆ ಬಿಡಲಿಲ್ಲ. ಕಂಪ್ಯೂಟರ್ ಎದ್ದ ಕೂಡಲೇ ಮತ್ತೆ ನುಗ್ಗಲು ಅದು ಬಿಟ್ಟುಹೋಗಿದ್ದ ಕಳ್ಳಗಿಂಡಿ ಹುಡುಕಿ ಮುಚ್ಚಿದಳು. ನೆಟ್ಟು ನೋಡುವ ಕಿಟಕಿಯಲ್ಲಿ ಅದು ಪಡೆದಿದ್ದ ಅಪ್ಪಣೆ ಕಿತ್ತಳು. ಮಲಗಿದ್ದ ಹಳೆಯ ಕಾವಲುಗಾರನನ್ನು ಎಬ್ಬಿಸಿದಳು, ಪೆನ್‌ಡ್ರೈವಿನಲ್ಲಿ ತಂದ ಇನ್ನೊಬ್ಬನಿಂದ ಮೂಲೆಮೂಲೆ ಹುಡುಕಿಸಿದಳು. ಒಂದು ತಾಸು ಹಿಡಿಯಿತು. ಅಷ್ಟರಲ್ಲಿ ರಾಚಪ್ಪ ನೀರು ಕುಡಿದ, ಚಹಾ ಕುಡಿದ, ಒಗ್ಗರಣೆ ಹಾಕಿದ ಮಂಡಕ್ಕಿ ಎರಡು ತಾಟು ತಿಂದ. ಐದುನೂರು ವೈರಸ್ಸಿನಲ್ಲಿ ನಿಜವಾದವು ಎಷ್ಟು ಎಂದು ಕೇಳಿದ್ದಕ್ಕೆ ಮಾಹೀರಾ ಒಂದೇ ಬೆರಳು ಎತ್ತಿದಳು.

“ಯಾವುದು?”

“ಎಣಸಾಕತ್ತಿತ್ತಲ್ಲ, ಅದ.”

ಕೊನೆಗೆ ಲಗ್ನಪತ್ರಿಕೆ ತೆರೆದಳು. ಒಂದು ಅಕ್ಷರವೂ ಅಳಿಸಿರಲಿಲ್ಲ. ಸೋಂಕು ಎಂದದ್ದೂ ಬೆದರಿಕೆಯೇ. ನೂರಾ ಹನ್ನೆರಡು ಹೆಸರು ಸಾಲಾಗಿ ನಿಂತಿದ್ದವು. ಸರೋಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಿಟಕಿಯಲ್ಲಿದ್ದವರೂ ಉಸಿರು ಬಿಟ್ಟರು.

ಆಗ ರಾಚಪ್ಪ ಪರದೆಯ ಹತ್ತಿರ ಬಗ್ಗಿದ. ಚಾಳೀಸು ಸರಿ ಮಾಡಿದ. ಒಂದು ಸಲ ಎಡಕ್ಕೆ ನೋಡಿದ, ಒಂದು ಸಲ ಬಲಕ್ಕೆ.

“ಬೀಗರ,” ಎಂದ ಮೆಲ್ಲಗೆ. “ಈ ಹಾನಗಲ್ಲಿನ ಈರಬಸಪ್ಪನ ಹೆಸರು ಯಾಕ ನನ್ನ ಹೆಸರಿಗಿಂತ ದಪ್ಪ ಕಾಣಾಕತ್ತೈತಿ?”

ಸರೋಜವ್ವ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಏನೋ ಉಕ್ಕಿತು ಎಂದು ಒಳಗೆ ಹೋದಳು. ಮೂರು ವಾರದ ಪಂಚಾಯ್ತಿ ಬಾಗಿಲಲ್ಲಿ ಬಂದು ನಿಂತಿತ್ತು. ಉಳವಪ್ಪ ಒಂದು ಉಸಿರು ಎಳೆದುಕೊಂಡ.

“ಅದೂ ವೈರಸ್ ಮಾಡಿದ್ರಿ,” ಎಂದ. ದನಿಯಲ್ಲಿ ಒಂದು ಎಳೆಯೂ ನಡುಕವಿಲ್ಲ.

ರಾಚಪ್ಪ ಮಾಹೀರಾಳ ಕಡೆ ತಿರುಗಿದ. ಆಕೆ ಪೆನ್‌ಡ್ರೈವಿನ ಮುಚ್ಚಳವನ್ನು ಬಹಳ ಶ್ರದ್ಧೆಯಿಂದ ಹಾಕುತ್ತಿದ್ದಳು.

“ಆಕ್ಕೈತ್ರಿ ಅಜ್ಜಾರ,” ಎಂದಳು. “ಅಂಟು ವೈರಸ್ ಹಂಗ. ಅಕ್ಷರಕ್ಕ ಬಾವು ಬರ್ತೈತಿ.”

“ಹಂಗಾರ ಬಾವು ಇಳಸ್ರಿ,” ಎಂದ ರಾಚಪ್ಪ. ಇಳಿಸಿದರು. ಎರಡು ಹೆಸರೂ ಸಮನಾದವು. ಉಳವಪ್ಪ ಪಟ್ಟಿಯ ಕೊನೆಯಲ್ಲಿ ನೂರಾ ಹದಿಮೂರನೆಯ ಹೆಸರಾಗಿ ಮಾಹೀರಾಳದನ್ನು ಹಾಕಿಸಿದ. ಈಕೆ ಯಾರ ಕಡೆಯವಳು ಎಂದು ಈ ಸಲ ಯಾರೂ ಕೇಳಲಿಲ್ಲ.

ಪತ್ರಿಕೆ ಸೋಮವಾರವೇ ಅಚ್ಚಾಯಿತು, ಮದುವೆ ಹೇಳಿದ ದಿನವೇ ಆಯಿತು. ಹಾನಗಲ್ಲಿನ ಈರಬಸಪ್ಪ ಪತ್ರಿಕೆಯನ್ನು ಬೆಳಕಿಗೆ ಹಿಡಿದು, ನನ್ನ ಅರ್ಧ ಪಾಯಿಂಟು ಎಲ್ಲಿ ಎಂದು ಕೇಳಿದ. ಉಳವಪ್ಪನ ಉತ್ತರ ಸಿದ್ಧವಿತ್ತು.

“ವೈರಸ್ ತಿಂತು, ಮಾವಾರ.”

ಅಂದಿನಿಂದ ಬಂಕಾಪುರದಲ್ಲಿ ಯಾರೂ ಆಂಟಿ ಎನ್ನುವುದಿಲ್ಲ. ಮಾಸ್ತರರೂ ಅಂಟು ಎನ್ನುತ್ತಾರೆ.

ಕಥೆ ಮುಗಿಯಿತು. ನೀವು ನನ್ನ ಬಾಯಿಯನ್ನೇ ನೋಡುತ್ತಿದ್ದೀರಿ, ನಾಲಿಗೆ ಕೆಂಪಾಗಿಲ್ಲವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೀರಿ. ಹೇಗೆ ಆದೀತು? ಇಷ್ಟು ಹೊತ್ತು ಬರೀ ಬಾಯಲ್ಲಿ ಹೇಳಿದ್ದೇನೆ. ಆಣೆ ಆಣೆಯೇ, ಅದನ್ನು ಪರೀಕ್ಷೆ ಮಾಡದೆ ಬಿಡುವ ಹಾಗಿಲ್ಲ. ಆ ನಿಮ್ಮ ತೊಡೆಯ ಕೆಳಗೆ ಸರಿಸಿಟ್ಟುಕೊಂಡಿರುವ ಎಲೆ ಅಡಿಕೆ ಚೀಲ ಇತ್ತ ಕೊಡಿ. ಎಲೆ ಸವಣೂರಿನದೇ ಇರಲಿ, ಎಳೆಯದು ನೋಡಿ ಎರಡು ಕೊಡಿ. ಒಂದರಲ್ಲಿ ಕೆಂಪಾಗದಿದ್ದರೆ ಇನ್ನೊಂದು ಬೇಕಾಗುತ್ತದೆ.